ಕಂಪನಿಯಿಂದ ಬಂದ ಹಾಗೆಯೇ ಇರುವ ಬೈಕು

ನಮ್ಮ ಭಾವನವರು ಹದಿನಾಲ್ಕು ವರ್ಷಗಳಿಂದ ತಮ್ಮ ಬೈಕಿಗೆ ಏನೂ ಮಾಡದೆ ಇದ್ದಾರೆ. ಏನೂ ಮಾಡದೆ ಇರುವ ಈ ಕೆಲಸಕ್ಕೆ ಅವರಿಗೆ ವಾರದ ರಜೆ ಸಾಲುವುದಿಲ್ಲ, ದೀಪಾವಳಿಯ ನಾಲ್ಕು ದಿನವೂ ಸಾಲುವುದಿಲ್ಲ. ನನ್ನ ಮಗಳ ಜವಳದ ದಿನ ಪಂಕ್ತಿ ಎದ್ದ ಮೇಲೆ ಬಂದು, ಎರಡೂ ಕೈಗೆ ಗ್ರೀಸು ಮೆತ್ತಿದ್ದರಿಂದ ಕೂಸಿನ ತಲೆಗೆ ಮೊಣಕೈ ಮುಟ್ಟಿಸಿ ಆಶೀರ್ವಾದ ಮಾಡಿದ ಪುಣ್ಯಾತ್ಮರು ಅವರು. ನಾನು ಕನ್ನಡ ಶಾಲೆಯ ಶಿಕ್ಷಕಿ. ಏನೂ ಮಾಡದೆ ಕೂರುವ ಮಕ್ಕಳನ್ನು ದಿನವೂ ನೋಡುತ್ತೇನೆ. ಆದರೆ ಇಷ್ಟೊಂದು ಬೆವರು ಸುರಿಸಿ ಏನೂ ಮಾಡದವರನ್ನು ನೋಡಿದ್ದು ಇವರೊಬ್ಬರನ್ನೇ!

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ವಯಸ್ಸು ಐವತ್ತಮೂರು, ಮದುವೆಯಾಗಿಲ್ಲ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯುವ ಕಾರ್ಖಾನೆಯೊಂದರಲ್ಲಿ ಜಾಬರ್, ಅಂದರೆ ಮಗ್ಗ ಕೆಟ್ಟಾಗ ರಿಪೇರಿ ಮಾಡುವವರು. ನಲವತ್ತು ಮಗ್ಗ ಒಟ್ಟಿಗೆ ಬಡಿಯುವಾಗ ನಮ್ಮ ನಿಮ್ಮಂಥವರಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಇವರು ಬಾಗಿಲಲ್ಲಿ ನಿಂತು, ಮೂರನೇ ಸಾಲಿನ ಯಾವ ಮಗ್ಗದ ಲಾಳಿ ತಡವಾಗಿ ಹೊಡೆಯುತ್ತಿದೆ ಎಂದು ಹೇಳಬಲ್ಲರು. ಮನೆಯಲ್ಲಿ ಮಾತ್ರ ಮೂರು ಸಲ ಊಟಕ್ಕೆ ಕರೆದರೂ ಕೇಳಿಸುವುದಿಲ್ಲ.

ಇವರ ಹುಚ್ಚು ಡ್ರ್ಯಾಗ್ ರೇಸು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನೂರು ಮೀಟರಿಗೆ ಚೂರು ಹೆಚ್ಚಿನ ನೇರ ದಾರಿ. ಈ ತುದಿಯಲ್ಲಿ ನಿಲ್ಲುವುದು, ದೀಪ ಹಸಿರಾದೊಡನೆ ಆ ತುದಿಗೆ ಹೋಗುವುದು. ತಿರುವು ಇಲ್ಲ, ಏರು ಇಲ್ಲ, ಬ್ರೇಕೂ ಬೇಕಾಗುವುದು ಕೊನೆಗೇ. ‘ಅಲ್ಲಿ ಹೋಗಿ ಏನ ತರಾವದಾನ ಅಂವ?’ ಎಂದು ನಮ್ಮ ಅತ್ತೆ ಕೇಳಿದ್ದಕ್ಕೆ ಇವತ್ತಿನವರೆಗೂ ಯಾರಿಂದಲೂ ಉತ್ತರ ಬಂದಿಲ್ಲ. ಈ ರೇಸಿನಲ್ಲಿಯೂ ವರ್ಗಗಳಿವೆ. ಎಂಜಿನ್ ಕೊರೆದು, ಕೆತ್ತಿ, ಸೈಲೆನ್ಸರ್ ಕಿತ್ತೆಸೆದು ಓಡಿಸುವವರದ್ದು ಬೇರೆ. ಭಾವನವರದ್ದು ಎಲ್ಲಕ್ಕಿಂತ ಕೆಳಗಿನ ವರ್ಗ: ಬೈಕು ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೆಯೇ ಇರಬೇಕು. ಕೊರೆಯುವಂತಿಲ್ಲ, ಕೆತ್ತುವಂತಿಲ್ಲ, ಹೊರಗಿನದೇನನ್ನೂ ಹಾಕುವಂತಿಲ್ಲ. ಸವೆದದ್ದನ್ನು ಬದಲಿಸಬಹುದು, ಅದೂ ಅದೇ ಕಂಪನಿಯ ಅದೇ ನಂಬರಿನ ಸಾಮಾನೇ ಆಗಬೇಕು.

ಹಾಗಿದ್ದರೆ ಎಲ್ಲರ ಬೈಕೂ ಒಂದೇ ಸಮ ಓಡಬೇಕಲ್ಲ? ನಾನೂ ಹೊಸದಾಗಿ ಬಂದಾಗ ಇದನ್ನೇ ಕೇಳಿ ಕೆಟ್ಟೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಅವರು ಹೇಳಿದ್ದರ ತಿರುಳು ಇಷ್ಟು: ಕಂಪನಿಯವರೂ ಮನುಷ್ಯರೇ, ಒಂದೇ ಅಚ್ಚಿನಿಂದ ಬಂದ ಎರಡು ಸಾಮಾನು ಎಂದೂ ಒಂದೇ ಇರುವುದಿಲ್ಲ; ಒಂದು ಕೂದಲೆಳೆಯಷ್ಟು ಹಗುರ, ಇನ್ನೊಂದು ಕೂದಲೆಳೆಯಷ್ಟು ಭಾರ. ಎರಡೂ ಕಂಪನಿಯದ್ದೇ, ಎರಡೂ ಕಾಯ್ದೆಯೊಳಗೇ. ಹಗುರದ್ದನ್ನು ಹುಡುಕಿ ತರುವವನು ಜಾಣ. ವೇಗವನ್ನು ಹೊಸದಾಗಿ ಹುಟ್ಟಿಸುವುದು ಅವರ ಧರ್ಮದಲ್ಲಿ ಇಲ್ಲ. ಬೈಕಿನಲ್ಲಿ ಮೊದಲೇ ಇದ್ದ ವೇಗ ಎಲ್ಲೆಲ್ಲಿ ಪೋಲಾಗುತ್ತಿದೆಯೋ ಅಲ್ಲಲ್ಲಿ ತಡೆಯುವುದಷ್ಟೇ ಕೆಲಸ.

ಆದ್ದರಿಂದ ಪಿಸ್ಟನ್ ಸವೆದರೆ ನಮ್ಮ ಮನೆಯಲ್ಲಿ ಅದೊಂದು ಯಾತ್ರೆ. ಭಾವನವರು ಬಟ್ಟೆ ಚೀಲದಲ್ಲಿ ಅಕ್ಕಸಾಲಿಗರ ಪುಟ್ಟ ತಕ್ಕಡಿ ಹಾಕಿಕೊಂಡು ಸೊಲ್ಲಾಪುರದ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತುತ್ತಾರೆ. ಒಂದೇ ನಂಬರಿನ ಪಿಸ್ಟನ್‌ಗಳನ್ನು ಅಂಗಡಿಯಲ್ಲಿ ಎಷ್ಟಿವೆಯೋ ಅಷ್ಟನ್ನೂ ಇಳಿಸಿಸಿ, ಒಂದೊಂದೇ ತೂಗಿ, ಚೀಟಿಯಲ್ಲಿ ಬರೆದುಕೊಂಡು, ಮುಂದಿನ ಅಂಗಡಿಗೆ ಹೋಗಿ, ಮತ್ತೆ ಮೊದಲನೆಯದಕ್ಕೇ ವಾಪಸು ಬರುತ್ತಾರೆ. ಒಮ್ಮೆ ಅಂಗಡಿಯವರೊಬ್ಬರು ಬೇಸತ್ತು, ‘ಕಾಕಾ, ಪಿಸ್ಟನ್ ಒಯ್ಯಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?’ ಎಂದರಂತೆ. ಇವರು ತಕ್ಕಡಿಯಿಂದ ಕಣ್ಣು ತೆಗೆಯದೆ, ಹೆಣ್ಣನ್ನು ಇಷ್ಟು ಹೊತ್ತು ನೋಡುವುದು ಸಭ್ಯತನ ಅಲ್ಲ ಎಂದು ಉತ್ತರ ಕೊಟ್ಟರಂತೆ.

ಆ ಮಾತು ನಿಜ. ಅದಕ್ಕೆ ನಾನೇ ಸಾಕ್ಷಿ. ಅಕ್ಕಲಕೋಟದ ನಮ್ಮ ತವರಿಗೆ ನನ್ನನ್ನು ನೋಡಲು ಬಂದಾಗ ತಮ್ಮನ ಪರವಾಗಿ ಹಿರಿಯರಾಗಿ ಬಂದವರು ಇವರೇ. ನಾನು ಚಹಾದ ತಾಟು ಹಿಡಿದು, ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದರೆ ಹಿರಿಯರ ಕುರ್ಚಿಯೇ ಖಾಲಿ! ಯಾರೋ ಹಾಲು ತರಲೆಂದು ನಮ್ಮಪ್ಪನ ಸ್ಕೂಟರ್ ಚಾಲೂ ಮಾಡಿದ್ದರು, ಆ ಸಪ್ಪಳ ಇವರ ಕಿವಿಗೆ ಬಿದ್ದಿತ್ತು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನಮ್ಮಪ್ಪ ಅಲ್ಲಿಗೇ ಹೋಗಿ ಸಂಕೋಚದಿಂದ, ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದರು. ‘ಪ್ಲಗ್ ಪೂರಾ ಕರ್ರಗಾಗೇತ್ರಿ’ ಎಂದರು ಭಾವನವರು. ಹುಡುಗಿಯ ಬಗ್ಗೆ ಕೇಳಿದ್ದು ಎಂದು ನಮ್ಮಪ್ಪ ತಿಳಿಸಿ ಹೇಳಿದ ಮೇಲೆ, ಹುಡುಗಿ ಛಲೋ ಇದ್ದಾಳೆ ಎಂದು ಪ್ಲಗ್ಗನ್ನೇ ನೋಡುತ್ತ ಒಪ್ಪಿಗೆ ಕೊಟ್ಟರು. ಅವರು ನನ್ನ ಮುಖ ಮೊದಲು ನೋಡಿದ್ದು ಅಕ್ಷತೆಯ ದಿನ. ಸ್ಕೂಟರ್ ಮಾತ್ರ ಅಂದಿನಿಂದ ಆರು ವರ್ಷ ಒಂದೇ ಒದೆತಕ್ಕೆ ಚಾಲೂ ಆಯಿತು.

ಇಷ್ಟೆಲ್ಲ ಮಾಡಿ ಭಾವನವರಿಗೆ ಬೇಕಾಗಿದ್ದೇನು? ಎರಡೇ. ಆ ನೇರ ದಾರಿಯನ್ನು ಹದಿನೇಳು ಸೆಕೆಂಡಿನೊಳಗೆ ಮುಗಿಸಬೇಕು, ಮತ್ತು ತಮ್ಮ ವರ್ಗದಲ್ಲಿ ಒಂದೇ ಒಂದು ಸಲ ಮೊದಲಿಗರಾಗಬೇಕು. ಹದಿನಾಲ್ಕು ವರ್ಷದಲ್ಲಿ ಅವರ ಅತ್ಯುತ್ತಮ ಸಾಧನೆ ಹದಿನೇಳು ಸೆಕೆಂಡಿನ ಮೇಲೆ ನೂರರಲ್ಲಿ ಹದಿನಾಲ್ಕು ಪಾಲು. ಸ್ಥಾನ ನಾಲ್ಕನೆಯದು. ನಾಲ್ಕನೆಯವರಿಗೆ ಅಲ್ಲಿ ಯಾರೂ ಏನೂ ಕೊಡುವುದಿಲ್ಲ, ನೀರಿನ ಬಾಟಲಿ ಕೂಡ. ಈ ವರ್ಷ ರೇಸಿನ ಫಾರ್ಮಿನ ಜೊತೆ ಇನ್ನೊಂದು ಕಾಗದ ಬಂತು. ಕಾರ್ಬ್ಯುರೇಟರ್ ಇರುವ ಹಳೆಯ ಬೈಕುಗಳ ಈ ವರ್ಗಕ್ಕೆ ಇದೇ ಕಡೆಯ ಸಲ, ಬರುವ ವರ್ಷದಿಂದ ಹೊಸ ನಮೂನೆಯವಕ್ಕೆ ಮಾತ್ರ ಪ್ರವೇಶ. ಭಾವನವರು ಕಾಗದವನ್ನು ಎರಡು ಸಲ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು, ಆ ದಿನ ಊಟಕ್ಕೆ ಮೊದಲನೆಯ ಕರೆಗೇ ಬಂದರು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಮರುದಿನವೇ ನನ್ನ ಹತ್ತಿರ ಬಂದು, ಶಾಲೆಯ ಓಟದ ಪಂದ್ಯಕ್ಕೆ ನಾನು ಬಳಸುವ ಸ್ಟಾಪ್‌ವಾಚ್ ಬೇಕು ಎಂದರು. ವಾಚು ನನ್ನದೇ, ಕೊಟ್ಟೆ. ಒತ್ತಲು ಕೈಯೂ ಬೇಕು ಎಂದರು. ಹೀಗೆ ನಾನು ಕಾರ್ಖಾನೆಗೆ ರಜೆಯಿದ್ದ ದಿನಗಳಲ್ಲಿ, ಮಾಲೀಕರ ಅಪ್ಪಣೆ ಪಡೆದು, ಅವರ ಕಂಪೌಂಡಿನಲ್ಲಿ ಬಿಸಿಲಿಗೆ ಕೊಡೆ ಹಿಡಿದು ನಿಲ್ಲುವವಳಾದೆ. ಊರ ರಸ್ತೆಯಲ್ಲಿ ಜೋರಾಗಿ ಓಡಿಸುವುದು ಭಾವನವರಿಗೆ ಆಗದ ಮಾತು. ಅಂಥವರನ್ನು ಕಂಡರೆ ನಿಲ್ಲಿಸಿ ಬೈಯುತ್ತಾರೆ. ಕಂಪೌಂಡಿನಲ್ಲಿ ಅವರು ಅಭ್ಯಾಸ ಮಾಡುತ್ತಿದ್ದದ್ದು ಮೊದಲ ಇಪ್ಪತ್ತು ಮೀಟರನ್ನು ಮಾತ್ರ. ಕ್ಲಚ್ ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂಬುದೇ ಎಲ್ಲ. ಬೇಗ ಬಿಟ್ಟರೆ ಎಂಜಿನ್ ಕೆಮ್ಮುತ್ತದೆ, ತಡವಾದರೆ ಹೊತ್ತು ಹೋಗುತ್ತದೆ. ಇಪ್ಪತ್ತು ಮೀಟರ್ ಹೋಗುವುದು, ಇಳಿದು ತಳ್ಳಿಕೊಂಡು ಬರುವುದು. ತಳ್ಳುವುದೇಕೆ, ಓಡಿಸಿಕೊಂಡು ಬರಬಾರದೇ ಎಂದರೆ, ಎಂಜಿನ್ ಸುಮ್ಮನೆ ಸವೆಯುತ್ತದೆ ಎಂದರು. ಒಂದು ರಜೆಗೆ ನಲವತ್ತು ಸಲ! ನನ್ನ ಹೆಬ್ಬೆರಳಿಗೆ ಬೊಬ್ಬೆ ಬಂತು. ಬೊಬ್ಬೆಯ ಬೆರಳಿನಿಂದ ಒತ್ತಿದರೆ ಸಮಯ ತಪ್ಪುತ್ತದೆ, ಎಡಗೈಗೆ ಬದಲಿಸು ಎಂದು ಹೇಳಿದರೇ ಹೊರತು ಅಯ್ಯೋ ಅನ್ನಲಿಲ್ಲ.

ರೇಸಿನ ವಾರವಂತೂ ಕೇಳಬೇಡಿ. ಬೈಕಿನಲ್ಲಿ ತೆಗೆಯುವಂಥದ್ದೇನೂ ಉಳಿಯದಿದ್ದಾಗ ಭಾವನವರು ತಮ್ಮಲ್ಲಿ ತೆಗೆಯಲು ಶುರು ಮಾಡಿದರು. ಮೊದಲೇ ಕಡ್ಡಿಯಂಥ ಆಳು. ಕೂದಲು ಕತ್ತರಿಸಿಕೊಂಡು ಬಂದರು. ಮೀಸೆ ಹೋಯಿತು. ಮೂವತ್ತು ವರ್ಷದ ಮೀಸೆ, ಅದರ ಕೆಳಗೊಂದು ತುಟಿಯಿದೆ ಎಂಬುದೇ ಮನೆಯವರಿಗೆ ಮರೆತುಹೋಗಿತ್ತು! ಕೊನೆಗೆ ಉಗುರು ತೆಗೆಯಲು ಕೂತಾಗ ಅತ್ತೆಗೆ ತಡೆಯಲಾಗಲಿಲ್ಲ. ಎಂಬತ್ತರ ಹತ್ತಿರದ ಜೀವ, ಹುಲಜಂತಿ ಊರಿನ ಕಡೆಯ ಹೆಣ್ಣುಮಗಳು. ಮಾತು ಕಡಿಮೆ, ಆಡಿದರೆ ತಪ್ಪದೆ ನಾಟುತ್ತದೆ. ‘ಒಂದ ರೊಟ್ಟಿ ಜಾಸ್ತಿ ತಿಂದ್ರ ಗಾಡಿ ನಿಂತ ಬಿಡತೈತೇನಪಾ?’ ಎಂದರು. ನಿಲ್ಲುವುದಿಲ್ಲ, ಒಂದು ರೊಟ್ಟಿಗೆ ಇಷ್ಟು ತಡವಾಗುತ್ತದೆ ಎಂದು ಮಗ ಕಾಗದದಲ್ಲಿ ಲೆಕ್ಕ ಬಿಡಿಸಿ ತೋರಿಸಿದರು. ಅತ್ತೆ ಲೆಕ್ಕವನ್ನು ಗಮನವಿಟ್ಟು ನೋಡಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಮೇಲೆ ಎಣ್ಣೆ ಸುರಿದು ತಟ್ಟೆಗೆ ಇಟ್ಟರು. ಭಾವನವರು ಅರ್ಧ ತಿಂದರು. ಇಬ್ಬರೂ ಗೆದ್ದ ಹಾಗೆ ಎದ್ದು ಹೋದರು.

ರೇಸು ನಡೆದದ್ದು ಸೊಲ್ಲಾಪುರದಿಂದ ಮೂರು ತಾಸಿನ ದಾರಿಯಲ್ಲಿರುವ, ಈಗ ವಿಮಾನ ಇಳಿಯದ ಒಂದು ಹಳೆಯ ರನ್‌ವೇಯಲ್ಲಿ. ನಮ್ಮ ಯಜಮಾನರು ಟೆಂಪೋ ನಡೆಸಿದರು. ಭಾವನವರು ಹಿಂದೆ ಬೈಕಿನ ಜೊತೆ ಕೂತು ಅದು ಅಲುಗಾಡದಂತೆ ಹಿಡಿದುಕೊಂಡೇ ಬಂದರು. ಅಲ್ಲಿ ನೋಡಿದರೆ ಎಲ್ಲರೂ ಇಪ್ಪತ್ತರ ಆಸುಪಾಸಿನವರು, ಮೈಗಂಟಿದ ಬಣ್ಣಬಣ್ಣದ ಸೂಟಿನವರು. ನಮ್ಮವರು ಯಾರಿಂದಲೋ ಎರವಲು ತಂದ ಕಪ್ಪು ಸೂಟು ತೊಟ್ಟು, ಅದು ಜೋಲದ ಹಾಗೆ ಸೊಂಟಕ್ಕೂ ತೋಳಿಗೂ ಲಾಡಿ ಬಿಗಿದುಕೊಂಡಿದ್ದರು. ಬಟ್ಟೆ ಗಾಳಿಗೆ ಉಬ್ಬಿದರೆ ವೇಗ ಕಡಿಮೆಯಾಗುತ್ತದಂತೆ. ಪಕ್ಕದವನೊಬ್ಬ, ಅಂಕಲ್ ಮಗನನ್ನು ಕರೆತಂದಿದ್ದೀರಾ ಎಂದು ಮರಾಠಿಯಲ್ಲಿ ವಿಚಾರಿಸಿದ. ಇವರು ಸಾವಕಾಶವಾಗಿ ಹೆಲ್ಮೆಟ್ ಒರೆಸಿ ಪಕ್ಕಕ್ಕಿಟ್ಟುಕೊಂಡರು.

ಟ್ಯಾಂಕಿನ ಪೆಟ್ರೋಲನ್ನೆಲ್ಲ ಇಳಿಸಿ, ಒಂದು ಓಟಕ್ಕೆ ಬೇಕಾದಷ್ಟನ್ನೇ ಅಳೆದು ಹಾಕಿದರು. ಗಾಳಿ ನೋಡಿದರು. ಸರಪಳಿ ಮುಟ್ಟಿದರು. ಚಕ್ರ ಎತ್ತಿ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ಕಿವಿಯಿಟ್ಟು ಕೇಳಿದರು. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಸಾಲಿನಲ್ಲಿ ನಿಂತರು. ಹದಿನಾಲ್ಕು ವರ್ಷದ ಕೆಲಸ ಹದಿನೇಳು ಸೆಕೆಂಡಿನಲ್ಲಿ ಮುಗಿದುಹೋಗುವುದಿತ್ತು. ಅಲ್ಲಿಯವರೆಗೆ ಇದನ್ನೆಲ್ಲ ತಮಾಷೆ ಎಂದು ನೋಡಿಕೊಂಡು ಬಂದ ನಾನು, ಯಾರೂ ಕೇಳದಿದ್ದರೂ ಚೀಲದಿಂದ ಸ್ಟಾಪ್‌ವಾಚ್ ತೆಗೆದು ಹಿಡಿದುಕೊಂಡೆ.

ದೀಪ ಹಸಿರಾಯಿತು. ಬೈಕು ಕೆಮ್ಮಲಿಲ್ಲ. ಅಷ್ಟೇ ನನಗೆ ಗೊತ್ತಾದದ್ದು. ಆ ತುದಿಯ ಫಲಕದಲ್ಲಿ ಅಂಕಿ ಬಂತು: ಹದಿನಾರು ಸೆಕೆಂಡು, ಮೇಲೆ ನೂರರಲ್ಲಿ ತೊಂಬತ್ತೆಂಟು. ಉಳಿದವರು ಒಬ್ಬೊಬ್ಬರಾಗಿ ಓಡಿಸಿ ಮುಗಿಸಿದರು. ಯಾರದೂ ಹದಿನೇಳರ ಕೆಳಗೆ ಇಳಿಯಲಿಲ್ಲ. ನಾನು ಶಿಕ್ಷಕಿ ಎನ್ನುವುದನ್ನು ಮರೆತು ಶಿಳ್ಳೆ ಹಾಕಿದೆ. ಯಜಮಾನರು ಅಣ್ಣನನ್ನು ಎತ್ತಿ ಸುತ್ತಿಸಿದರು. ಭಾವನವರು, ಇಳಿಸು, ಎಂಜಿನ್ ಆರಬೇಕು ಎಂದಷ್ಟೇ ಹೇಳುತ್ತಿದ್ದರು.

ಮೊದಲ ಮೂವರ ಬೈಕು ಬಿಚ್ಚಿ ನೋಡುವುದು ಅಲ್ಲಿನ ನಿಯಮ. ನಾಲ್ಕನೆಯವರ ಬೈಕನ್ನು ಯಾರು ಬಿಚ್ಚುತ್ತಾರೆ? ಹಾಗಾಗಿ ನಮ್ಮ ಬೈಕು ತಪಾಸಣೆಯ ಮೇಜಿಗೆ ಹೋದದ್ದು ಅದೇ ಮೊದಲು. ತಪಾಸಣೆಯ ಅಧಿಕಾರಿ ಭಾವನವರ ವಯಸ್ಸಿನವರೇ, ಮರಾಠಿ ಮನುಷ್ಯ, ಆದರೆ ಗಡಿ ಕಡೆಯವರಾದ್ದರಿಂದ ಕನ್ನಡ ತಿಳಿಯುತ್ತಿತ್ತು. ಪಿಸ್ಟನ್ ಅಳೆದರು, ಸರಿ ಇತ್ತು. ಸ್ಪ್ರಿಂಗ್, ವಾಲ್ವ್, ಕಾರ್ಬ್ಯುರೇಟರ್, ಎಲ್ಲ ಸರಿ. ಇಷ್ಟು ಚೊಕ್ಕ ಎಂಜಿನ್ ತಾವು ನೋಡಿಲ್ಲ ಎಂದು ಹೊಗಳಿದರು. ಕೊನೆಗೆ ಸೀಟಿನ ಕೆಳಗಿನ ಗಾಳಿಪೆಟ್ಟಿಗೆಯ ಮುಚ್ಚಳ ತೆಗೆದರು. ಎಂಜಿನ್ನಿಗೆ ಹೋಗುವ ಗಾಳಿ ಸೋಸಿ ಬರುವ ಪೆಟ್ಟಿಗೆ ಅದು. ಅದರ ಮೂಲೆಯಲ್ಲಿ, ಫಿಲ್ಟರಿನ ಪಕ್ಕ, ದಾರ ಸುತ್ತಿದ ಒಂದು ಪುಟ್ಟ ಬಟ್ಟೆಯ ಗಂಟು ಇತ್ತು. ಬಿಚ್ಚಿದರೆ ಹಳದಿ ಪುಡಿ.

ಸುತ್ತ ನಿಂತ ಹುಡುಗರು ಗುಸುಗುಸು ಶುರು ಮಾಡಿದರು. ಇದೇನೋ ಕೆಮಿಕಲ್ಲು, ಗಾಳಿಯ ಜೊತೆ ಒಳಗೆ ಹೋಗುತ್ತದೆ, ಅದಕ್ಕೇ ಮುದುಕ ಹೀಗೆ ಓಡಿದ್ದು ಎಂದು ಒಬ್ಬ. ಅಧಿಕಾರಿ ಪುಡಿಯನ್ನು ಮೂಸಿ ನೋಡಿ, ಇದೇನು ಎಂದು ಕೇಳಿದರು.

‘ಭಂಡಾರ ರಿ. ಹುಲಜಂತಿ ಮಾಳಿಂಗರಾಯಂದು’ ಎಂದರು ಭಾವನವರು. ‘ನಮ್ಮವ್ವ ಇಟ್ಟಾಳ.’

ದೇವರ ಅರಿಶಿನಪುಡಿ! ಅಧಿಕಾರಿಯ ಮುಖ ಮೆತ್ತಗಾಯಿತು. ಗಾಳಿಪೆಟ್ಟಿಗೆಯಲ್ಲಿ ಫಿಲ್ಟರ್ ಬಿಟ್ಟು ಬೇರೆ ಯಾವ ವಸ್ತುವೂ ಇರಕೂಡದು ಎಂಬ ಸಾಲನ್ನು ನಿಯಮದ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದರು. ಭಾವನವರಿಗೆ ಆ ಪುಸ್ತಕ ಬಾಯಿಪಾಠ. ಆದರೆ ಅದು ವೇಗ ಹೆಚ್ಚಿಸುವ ವಸ್ತುವಿಗೆ ಹೇಳಿದ ಮಾತು, ಇದು ವೇಗ ಕಡಿಮೆ ಮಾಡುವಂಥದ್ದು, ಹಾಗಾಗಿ ನಡೆಯುತ್ತದೆ ಎಂದು ಅವರು ಇಷ್ಟು ವರ್ಷವೂ ತಿಳಿದುಕೊಂಡಿದ್ದರಂತೆ. ಅಧಿಕಾರಿ ಪಕ್ಕಕ್ಕೆ ಕರೆದು ದಾರಿಯನ್ನೂ ಹೇಳಿಕೊಟ್ಟರು. ಮನೆಯವರು ನಿಮಗೆ ತಿಳಿಯದಂತೆ ಇಟ್ಟಿದ್ದರೆ ಹಾಗೆಂದು ಬರೆದುಕೊಡಿ, ಎಚ್ಚರಿಕೆ ಕೊಟ್ಟು ಬಿಡುತ್ತೇವೆ, ಸ್ಥಾನ ಉಳಿಯುತ್ತದೆ ಎಂದರು. ನಾನು ಹಿಂದಿನಿಂದ ಭಾವನವರ ತೋಳು ಚಿವುಟಿದೆ. ಯಜಮಾನರು ಪೆನ್ನು ಮುಂದೆ ಹಿಡಿದರು.

‘ಗೊತ್ತಿತ್ರಿ’ ಎಂದರು ಭಾವನವರು. ‘ಒಂಬತ್ತ ಗ್ರಾಂ ಐತಿ.’

ಅಧಿಕಾರಿ ನಿಯಮದ ಪುಸ್ತಕ ಮುಚ್ಚಿದರು. ಬಗ್ಗಿ ಚಪ್ಪಲಿ ಕಳಚಿದರು. ಒಂದು ಚಿಟಿಕೆ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡರು. ಗಂಟನ್ನು ಮೊದಲಿನಂತೆಯೇ ಕಟ್ಟಿ ಭಾವನವರ ಕೈಗೆ ಕೊಟ್ಟರು. ಆಮೇಲೆ ಅದೇ ಬೆರಳುಗಳಿಂದ ಪೆನ್ನು ಹಿಡಿದು, ಹೆಸರಿನ ಮುಂದೆ ಮರಾಠಿಯಲ್ಲಿ ‘ಅಪಾತ್ರ’, ಅಂದರೆ ಅನರ್ಹ, ಎಂದು ಬರೆದು ಗೆರೆ ಎಳೆದರು. ಕಾಗದಕ್ಕೆ ಹಳದಿ ಹತ್ತಿತು. ಎರಡನೆಯ ಹುಡುಗ ಮೊದಲನೆಯವನಾದ.

ಬರುವಾಗ ಟೆಂಪೋದ ಹಿಂದೆ ನಾನೂ ಕೂತೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಒಂದೊಂದು ಗ್ರಾಂಗೆ ಮೀಸೆ ಬೋಳಿಸಿಕೊಂಡವರು, ಬೆಳಿಗ್ಗೆ ಅದನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡು ಸಂಜೆ ಮತ್ತೆ ಇಟ್ಟಿದ್ದರೆ ಏನಾಗುತ್ತಿತ್ತು, ಅತ್ತೆಗೆ ತಿಳಿಯುತ್ತಲೂ ಇರಲಿಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಭಾವನವರು ಬೈಕಿನ ಹ್ಯಾಂಡಲ್ ಹಿಡಿದುಕೊಂಡೇ ಕೇಳಿಸಿಕೊಂಡರು. ಬೈಕು ಮನೆಗೆ ಬಂದ ದಿನ ಅತ್ತೆ ಅದನ್ನು ಸುತ್ತು ಹಾಕಿ ನೋಡಿ, ಇದು ಉಸಿರು ಎಲ್ಲಿಂದ ತೆಗೆದುಕೊಳ್ಳುತ್ತದೆ ಎಂದು ಕೇಳಿದರಂತೆ. ಇವರು ಸೀಟು ಎತ್ತಿ ತೋರಿಸಿದರಂತೆ. ಮರುದಿನ ನೋಡಿದರೆ ಗಂಟು ಅಲ್ಲಿತ್ತಂತೆ.

‘ಅದಿಲ್ಲದ ಈ ಗಾಡಿ ಒಂದ ದಿನಾನೂ ಓಡಿಲ್ಲ ತಂಗಿ’ ಎಂದರು. ‘ಅದನ್ನ ತಗದ ಓಡ್ಸಿದ್ರ, ಆ ಟೈಮ್ ನನ್ನ ಗಾಡೀದ ಹೆಂಗಾಗತಿತ್ತು?’

ನಾನು ಜಗಳಗಂಟಿ ಎಂದು ಮನೆಯಲ್ಲಿ ಹೆಸರಿದೆ. ಆದರೂ ಜಗಳ ಬಿಟ್ಟು ಬೈಕಿನ ಇನ್ನೊಂದು ತುದಿ ಹಿಡಿದುಕೊಂಡೆ. ಅಳು ಬಂದಿತ್ತು, ಅದನ್ನು ಧೂಳಿನ ಮೇಲೆ ಹಾಕಿ ಕಣ್ಣು ಒರೆಸಿಕೊಂಡೆ. ಎಷ್ಟು ವರ್ಷ ನಕ್ಕಿದ್ದೆ ಈ ಮನುಷ್ಯನನ್ನು ನೋಡಿ!

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅತ್ತೆ ಹೊಸ್ತಿಲಲ್ಲೇ ಕೂತಿದ್ದರು. ಏನಾಯಿತು ಎಂದು ಕೇಳಿದರು. ನಾವಿಬ್ಬರೂ ಭಾವನವರ ಮುಖ ನೋಡಿದೆವು. ನೂರರಲ್ಲಿ ಒಂದು ಪಾಲನ್ನೂ ಹೆಚ್ಚುಕಡಿಮೆ ಹೇಳದ ಮನುಷ್ಯ.

‘ನನಕಿಂತ ಮುಂದ ಯಾರೂ ಹೋಗಲಿಲ್ಲವ್ವ’ ಎಂದರು.

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅತ್ತೆ ಹೂಂ ಎಂದು ಎದ್ದು, ದೇವರ ಕೋಣೆಗೆ ಹೋದರು. ಹಳೆಯದಕ್ಕೆ ಹದಿನಾಲ್ಕು ವರ್ಷವಾಯಿತು, ಸತ್ವ ಹೋಗಿರಬೇಕು ಎನ್ನುತ್ತ ಹೊಸ ಬಟ್ಟೆಯಲ್ಲಿ ಭಂಡಾರ ಕಟ್ಟಿ ತಂದರು. ಗೆದ್ದ ಸಂತೋಷಕ್ಕೆ ಕೈ ತುಸು ಬಿಚ್ಚಿ ಹಾಕಿದ್ದರು. ಈ ಗಂಟು ಹಳೆಯದರ ಎರಡರಷ್ಟಿತ್ತು. ಭಾವನವರು ಎರಡೂ ಕೈ ಒಡ್ಡಿ ತೆಗೆದುಕೊಂಡು, ಸೀಟು ಎತ್ತಿ, ಬೈಕು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅದನ್ನು ಇಟ್ಟರು. ತೂಗಲಿಲ್ಲ.